ಬಾಂಡ್ ಹೋಯಿತು, ಕಮಾನು ಉಳಿಯಿತು

ಹೆಸರು ಬಯಲಾಗದೆ ಪಕ್ಷಗಳಿಗೆ ದೇಣಿಗೆ ಕೊಡಲು ಇದ್ದ ಚುನಾವಣಾ ಬಾಂಡ್ ರದ್ದಾದ ಮೇಲೆ ರಾಜಕೀಯದ ಮೇಲೆ ಕಂಪನಿಗಳ ಹಣದ ಹಿಡಿತ ಸಡಿಲಗೊಂಡಿದೆ ಎಂದು ಬರೆದ ಲೇಖಕರೊಬ್ಬರ ಮಾತಿಗೆ ನನ್ನ ತಕರಾರಿದೆ. 2024ರ ಫೆಬ್ರವರಿ 15ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಕಂಪನಿ ದೇಣಿಗೆಗೆ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 7.5ರ ಹಳೆಯ ಮಿತಿ ಮರಳಿದ್ದು ನಿಜ. ಆದರೆ ಕರ್ನಾಟಕದಲ್ಲಿ ವಿಧಾನಸಭೆ ಅಭ್ಯರ್ಥಿಯ ಖರ್ಚಿಗೆ 40 ಲಕ್ಷ ರೂಪಾಯಿಯ ಮಿತಿ, ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ; ರಂಗೋಲಿ ಕೆಳಗೆ ತೂರುವವರಿಗೆ ಇಷ್ಟು ಸಾಲದೇ? ಉಡುಪಿ ಕಡೆ ಚುನಾವಣೆ ಹತ್ತಿರವಾದರೆ ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ವಾಗತ ಕಮಾನಿನ ಮೇಲೆ ಟಿಕೆಟ್ ಆಕಾಂಕ್ಷಿ ಕೈಮುಗಿದು ನಿಂತಿರುತ್ತಾರೆ, ಕೆಳಗೆ ಪ್ರಾಯೋಜಕ ಕಂಪನಿಯ ಹೆಸರು. (ದೇವರು ಮೂಲೆಯಲ್ಲಿ, ಅಂಚೆಚೀಟಿಯಷ್ಟು.) ಆ ಕಮಾನಿನ ಖರ್ಚು ಯಾರ ಲೆಕ್ಕಕ್ಕೆ? ಫಲಿತಾಂಶದ 30 ದಿನಗಳೊಳಗೆ ಅಭ್ಯರ್ಥಿ ಸಲ್ಲಿಸುವ ಖರ್ಚಿನ ಲೆಕ್ಕವನ್ನು ಒಂದು ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಮಣಿಪಾಲದ ರಜತಾದ್ರಿಗೆ, ಅಂದರೆ ಉಡುಪಿ ಜಿಲ್ಲಾಧಿಕಾರಿ ಕಚೇರಿಗೆ, ಹೋಗಿ ಅದನ್ನು ಕೇಳುವ ನಾಲ್ಕು ಜನ ಊರೂರಲ್ಲಿ ಬೇಕು.