ಮಿತಿಯೊಳಗಿರುವವರು ದಯವಿಟ್ಟು ಕೈ ಎತ್ತಿ

ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ ಸ್ಯಾಲರಿ ಕ್ಯಾಪ್ ಅಂತ ಒಂದಿದೆ. ಒಂದು ತಂಡ ತನ್ನ ಆಟಗಾರರಿಗೆಲ್ಲ ಸೇರಿಸಿ ವರ್ಷಕ್ಕೆ ಇಷ್ಟೇ ಸಂಬಳ ಕೊಡಬೇಕು ಅನ್ನುವ ಗೆರೆ ಅದು. 2025-26ರ ಸೀಸನ್ನಿಗೆ ಗೆರೆ ಬಿದ್ದದ್ದು 15 ಕೋಟಿ 46 ಲಕ್ಷ ಡಾಲರಿಗೆ. ಲೀಗಿನಲ್ಲಿರುವ ತಂಡಗಳು 30. ಆ ಬೇಸಿಗೆಯಲ್ಲಿ ಆಟಗಾರರ ಸಂತೆ ಶುರುವಾದಾಗ ಗೆರೆಯೊಳಗೆ ಹೇಳಿಕೊಳ್ಳುವಷ್ಟು ಜಾಗ ಇಟ್ಟುಕೊಂಡಿದ್ದ ತಂಡ ಒಂದೇ ಒಂದು, ಬ್ರೂಕ್ಲಿನ್ ನೆಟ್ಸ್. ಹಿಂದಿನ ಸೀಸನ್ನಿನಲ್ಲಿ ನೆಟ್ಸ್ 82 ಪಂದ್ಯ ಆಡಿ 56 ಸೋತಿತ್ತು. ಲೆಕ್ಕ ಶುದ್ಧವಾಗಿಟ್ಟುಕೊಂಡವರ ಪಾಡು ಇದು.

ಉಳಿದವರು? ದಾಟಿದರು. ದಾಟಿದರೆ ತಪ್ಪೇನಿಲ್ಲ. ಈ ಗೆರೆ ಇರುವುದೇ ದಾಟುವುದಕ್ಕೆ. ಇದನ್ನು ಅವರು ‘ಸಾಫ್ಟ್ ಕ್ಯಾಪ್’ ಅಂತಾರೆ. 1984-85ರಲ್ಲಿ ಈ ಪದ್ಧತಿ ಬಂದಾಗ ಮಿತಿ ಬರೀ 36 ಲಕ್ಷ ಡಾಲರ್ ಇತ್ತು. ಮಿತಿಯ ಜತೆಗೇ ಒಂದು ವಿನಾಯಿತಿಯೂ ಹುಟ್ಟಿತು. ನಿಮ್ಮದೇ ತಂಡದ ಹಳೇ ಆಟಗಾರನನ್ನು ಉಳಿಸಿಕೊಳ್ಳುವುದಾದರೆ ಮಿತಿ ಮರೆತುಬಿಡಿ, ಎಷ್ಟಾದರೂ ಕೊಡಿ ಅಂತ. ಬಾಸ್ಟನ್ನಿನ ದೊಡ್ಡ ಆಟಗಾರ ಲ್ಯಾರಿ ಬರ್ಡ್ ಹೆಸರು ಅದಕ್ಕೆ ಅಂಟಿಕೊಂಡಿತು, ‘ಬರ್ಡ್ ಹಕ್ಕು’ ಅಂತ. ಬಾಗಿಲು ಮಾಡಿದ ದಿನವೇ ಕಿಟಕಿಯನ್ನೂ ತೆಗೆದಿಟ್ಟರು. ಆಮೇಲೆ ಮಧ್ಯಮ ಸಂಬಳಕ್ಕೆ ಆಟಗಾರನನ್ನು ತರುವ ಮಿಡ್-ಲೆವೆಲ್ ವಿನಾಯಿತಿ ಬಂತು, ಎರಡು ವರ್ಷಕ್ಕೊಮ್ಮೆ ಬಳಸುವ ವಿನಾಯಿತಿ ಬಂತು, ಗಾಯಗೊಂಡವನ ಬದಲಿಗೆ ಇನ್ನೊಬ್ಬನನ್ನು ತರುವ ವಿನಾಯಿತಿ ಬಂತು. ವಿನಾಯಿತಿಗಳನ್ನೆಲ್ಲ ಒಟ್ಟಿಗೆ ನಿಲ್ಲಿಸಿದರೆ ಅವುಗಳದ್ದೇ ಒಂದು ತಂಡ ಕಟ್ಟಬಹುದು.

ಮಿತಿಗಿಂತ ತುಂಬಾ ಮೇಲೆ ಹೋದರೆ ಲಕ್ಷುರಿ ಟ್ಯಾಕ್ಸ್. ಇದು ನಮಗೆ ಹೊಸದೇನಲ್ಲ. ಸೈಟಿನ ಅಂಚಿನ ತನಕ ಕಟ್ಟಡ ಎಬ್ಬಿಸಿ, ಮೇಲೊಂದು ಮಹಡಿ ಏರಿಸಿ, ದಂಡ ಕಟ್ಟಿ ರಸೀದಿ ತಗೊಂಡರೆ ಸಕ್ರಮ ಆಗುತ್ತದಲ್ಲ, ಅದೇ. ವ್ಯತ್ಯಾಸ ಇಷ್ಟೇ. ನಮ್ಮ ಅಕ್ರಮ-ಸಕ್ರಮ ಸುಪ್ರೀಂ ಕೋರ್ಟಿನ ಮೆಟ್ಟಿಲಲ್ಲಿ ಸಿಕ್ಕಿಕೊಂಡಿತು, ಅವರದ್ದು ಸರಾಗವಾಗಿ ನಡೀತಿದೆ. ಜತೆಗೆ ಆ ದಂಡದ ಹಣದಲ್ಲಿ ಒಂದು ಪಾಲು ದಂಡ ಕಟ್ಟದ ತಂಡಗಳಿಗೆ ಹಂಚಿಕೆಯಾಗುತ್ತದೆ. ಅಂದರೆ ಜಿಪುಣ ಮಾಲೀಕ ಒಳ್ಳೇ ಆಟಗಾರರನ್ನು ತರದೆ ಸುಮ್ನೆ ಕೂತರೂ ವರ್ಷದ ಕೊನೆಗೆ ಅವನ ಮನೆಗೆ ಚೆಕ್ಕು ಬರುತ್ತದೆ.

ಈ ನಿಯಮಗಳನ್ನು ಬರೆಸಿದ್ದು ಯಾರು? ಮಾಲೀಕರೇ. ಆಟಗಾರರ ಸಂಘದ ಜತೆ ಕೂತು, ತಿಂಗಳುಗಟ್ಟಲೆ ಜಗಳ ಆಡಿ ಮಾಡಿಕೊಂಡ ಒಪ್ಪಂದ. ನಮ್ಮ ಕೈ ನಮ್ಮ ಮಾತು ಕೇಳಲ್ಲ, ದಯವಿಟ್ಟು ಕಟ್ಟಿಹಾಕಿ ಅಂತ ಕೇಳಿದವರು ಅವರು. ಕಟ್ಟಿಹಾಕಿದ ಮಾರನೇ ಬೆಳಗ್ಗೆ ಗಂಟು ಬಿಚ್ಚುವುದಕ್ಕೆ ವಕೀಲರನ್ನು ನೇಮಿಸಿಕೊಂಡವರೂ ಅವರೇ. ಲೀಗು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರುವವರು.

ತೂರುವುದು ಹೇಗೆ ಅಂತ ನೋಡಬೇಕಾದರೆ 2008ರ ಫೆಬ್ರವರಿಗೆ ಹೋಗಬೇಕು. ಡಾಲಸ್ ಮ್ಯಾವರಿಕ್ಸ್ ತಂಡಕ್ಕೆ ನ್ಯೂಜೆರ್ಸಿ ತಂಡದ ಜೇಸನ್ ಕಿಡ್ ಬೇಕಾಗಿತ್ತು. ಮಿತಿ ಮೀರಿದ ತಂಡ ಟ್ರೇಡ್, ಅಂದರೆ ಆಟಗಾರರ ಅದಲುಬದಲು, ಮಾಡಬೇಕಾದರೆ ಹೋಗುವವರ ಸಂಬಳ ಮತ್ತು ಬರುವವರ ಸಂಬಳ ಹೆಚ್ಚುಕಮ್ಮಿ ಸಮ ಇರಬೇಕು. ಆಟ ಸಮ ಇರಬೇಕಾಗಿಲ್ಲ, ಚೀಟಿಯ ಮೇಲಿನ ಅಂಕಿ ಸಮ ಇದ್ದರಾಯಿತು. ಡಾಲಸ್ ಒಂದು ಪಟ್ಟಿ ಮಾಡಿತು. ಅದರಲ್ಲಿ ಡೆವಿಯನ್ ಜಾರ್ಜ್ ಅಂತ ಒಬ್ಬ ಬೆಂಚಿನ ಆಟಗಾರ ಇದ್ದರು. ಅವರು ‘ನಾನು ಬರಲ್ಲ’ ಅಂದುಬಿಟ್ಟರು. ಹಾಗನ್ನುವ ಹಕ್ಕು ಅವರಿಗಿತ್ತು. ಅವರದ್ದು ಒಂದೇ ವರ್ಷದ ಕರಾರು, ಊರು ಬದಲಾದರೆ ಅವರ ‘ಬರ್ಡ್ ಹಕ್ಕು’ ಕಳೆದುಹೋಗುತ್ತದೆ, ಹಾಗಾಗಿ ನಿಯಮದ ಪ್ರಕಾರ ಅವರ ಒಪ್ಪಿಗೆ ಬೇಕು. ಲೀಗಿನ ಅತಿ ದೊಡ್ಡ ಪಾಯಿಂಟ್ ಗಾರ್ಡ್‌ಗಳಲ್ಲಿ (ಅಂಗಳದಲ್ಲಿ ಆಟ ನಡೆಸುವವರು) ಒಬ್ಬರಾದ ಕಿಡ್ ಭವಿಷ್ಯ ಬೆಂಚಿನ ಮೂಲೆಯಲ್ಲಿ ಟವೆಲ್ ಹೊದ್ದು ಕೂತಿತ್ತು.

ಅದೇ ಪಟ್ಟಿಯಲ್ಲಿದ್ದ ಇನ್ನೊಬ್ಬರು ಜೆರ್ರಿ ಸ್ಟಾಕ್‌ಹೌಸ್. ಅವರದ್ದು ಉಲ್ಟಾ ಸಮಸ್ಯೆ. ಅವರಿಗೆ ಹೋಗೋದಕ್ಕೆ ತುಂಬಾ ಖುಷಿ ಇತ್ತು. ನ್ಯೂಜೆರ್ಸಿ ನನ್ನನ್ನು ಬಿಡುಗಡೆ ಮಾಡುತ್ತೆ, 30 ದಿನ ಮನೇಲಿದ್ದು ಮತ್ತೆ ಡಾಲಸ್‌ಗೇ ಬರ್ತೀನಿ ಅಂತ ಪತ್ರಕರ್ತರ ಮುಂದೆಯೇ ಹೇಳಿಬಿಟ್ಟರು. ಎಲ್ಲರಿಗೂ ಗೊತ್ತಿದ್ದ ವಿಷಯವೇ. ಬಾಯಿಬಿಟ್ಟು ಹೇಳಬಾರದಿತ್ತು, ಅಷ್ಟೇ. ಲೀಗಿನ ಕಣ್ಣು ಬಿತ್ತು, ಅವರ ಹೆಸರೂ ಪಟ್ಟಿಯಿಂದ ಹೋಯಿತು.

ಈಗ ಲೆಕ್ಕದಲ್ಲಿ ಒಂದು ತೂತು ಉಳಿಯಿತು. ಅದನ್ನು ಮುಚ್ಚುವುದಕ್ಕೆ ಸಂಬಳದ ಅಂಕಿ ಇರುವ ಒಬ್ಬ ಮನುಷ್ಯ ಬೇಕು. ಆಗ ಯಾರೋ ಕಡತ ತಿರುವಿ ಕೀತ್ ವ್ಯಾನ್ ಹಾರ್ನ್ ಹೆಸರು ಹುಡುಕಿ ತೆಗೆದರು. ವ್ಯಾನ್ ಹಾರ್ನ್ 2006ರ ನಂತರ ಒಂದು ಪಂದ್ಯವನ್ನೂ ಆಡಿರಲಿಲ್ಲ. ಆದರೆ ಡಾಲಸ್ ಅವರ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟಿರಲಿಲ್ಲ. ಹಾಗಾಗಿ ಮಿತಿ ಮೀರಿದ್ದರೂ ಅವರಿಗೆ ಹೊಸ ಕರಾರು ಕೊಡಬಹುದು. ಕೊಟ್ಟರು. ಮೊದಲ ವರ್ಷಕ್ಕೆ ಸುಮಾರು 43 ಲಕ್ಷ ಡಾಲರ್. ಸಹಿ ಹಾಕಿಸಿ, ಶಾಯಿ ಒಣಗುವ ಮುಂಚೆ ನ್ಯೂಜೆರ್ಸಿಗೆ ಕಳಿಸಿದರು. ನ್ಯೂಜೆರ್ಸಿ ಪರವಾಗಿ ಅವರು ಆಡಿದ ಪಂದ್ಯಗಳ ಸಂಖ್ಯೆ ಸೊನ್ನೆ. ತಪ್ಪು ತಿಳಿಯಬೇಡಿ, ಅವರು ಕೆಲಸ ಪೂರ್ತಿ ಮಾಡಿದ್ದಾರೆ. ಅವರನ್ನು ಕರೆಸಿದ್ದು ಗುಣಾಕಾರಕ್ಕೆ. ಗುಣಾಕಾರ ತಪ್ಪಲಿಲ್ಲ.

ಅದೇ ತಿಂಗಳು ಲಾಸ್ ಏಂಜಲೀಸ್ ಲೇಕರ್ಸ್ ತಂಡ ಮೆಂಫಿಸ್‌ನಿಂದ ಪೌ ಗಸೋಲ್ ಅವರನ್ನು ತಂದಿತು. ಅಲ್ಲೂ ಲೆಕ್ಕ ಸ್ವಲ್ಪ ಸಾಲದಾಯಿತು. ಏರನ್ ಮಕೀ ಅಂತ ಒಬ್ಬರು ಫಿಲಡೆಲ್ಫಿಯಾದಲ್ಲಿ ಸ್ವಯಂಸೇವಕರಾಗಿ ಸಹಾಯಕ ಕೋಚ್ ಕೆಲಸ ಮಾಡಿಕೊಂಡಿದ್ದರು. ಹಳೇ ಲೇಕರ್ಸ್ ಆಟಗಾರ. ಅವರನ್ನು ಹಿಡಿದು ಕರಾರು ಮಾಡಿಸಿ ಮೆಂಫಿಸ್‌ಗೆ ಟ್ರೇಡ್ ಮಾಡಿದರು. ಸಂಬಳವಿಲ್ಲದೆ ಬೇರೆ ತಂಡಕ್ಕೆ ಕೋಚಿಂಗ್ ಮಾಡುತ್ತಿದ್ದ ಮನುಷ್ಯ ಸಂಬಳ ತಗೊಂಡು ಮೂರನೇ ತಂಡಕ್ಕೆ ಆಡದೇ ಇದ್ದರು. ಲೇಕರ್ಸ್ 2009ರಲ್ಲೂ 2010ರಲ್ಲೂ ಚಾಂಪಿಯನ್ ಆಯಿತು. 2011ರಲ್ಲಿ ಕಿಡ್ ಇದ್ದ ಡಾಲಸ್ ಆಯಿತು. ಮೂರು ಟ್ರೋಫಿಗಳಲ್ಲಿ ಮಕೀ ಮತ್ತು ವ್ಯಾನ್ ಹಾರ್ನ್ ಪಾಲು ಎಷ್ಟು ಅಂತ ಯಾರೂ ಲೆಕ್ಕ ಹಾಕಿಲ್ಲ. ಹಾಕಬೇಕಾಗಿತ್ತು.

ಇವರೆಲ್ಲ ನಿಯಮ ಓದಿದವರು. ಓದದೆ ಗುಟ್ಟಾಗಿ ಕೆಲಸ ಮಾಡಲು ಹೋದವರ ಕಥೆಯೂ ಇದೆ. ಮಿನೆಸೋಟ ಟಿಂಬರ್‌ವುಲ್ವ್ಸ್ ತಂಡ ಜೋ ಸ್ಮಿತ್ ಎಂಬ ಆಟಗಾರನನ್ನು ವರ್ಷ ವರ್ಷಕ್ಕೆ ಚಿಕ್ಕ ಕರಾರಿನಲ್ಲಿ ಇಟ್ಟುಕೊಂಡಿತ್ತು. ಮೂರು ವರ್ಷ ತಾಳು, ಬರ್ಡ್ ಹಕ್ಕು ಬಂದಮೇಲೆ ದೊಡ್ಡ ಮೊತ್ತ ಕೊಡ್ತೀವಿ ಅಂತ ಒಳಗೊಳಗೇ ಮಾತು. ಮೊತ್ತ 8.6 ಕೋಟಿ ಡಾಲರ್ ತನಕ ಹೋಗಬಹುದಿತ್ತು. ಇಂಥ ಮಾತನ್ನು ಕಿವಿಯಲ್ಲಿ ಹೇಳಬೇಕು ಅಲ್ವಾ? ಇವರು ಕಾಗದದ ಮೇಲೆ ಬರೆದು ಸಹಿ ಮಾಡಿದರು. ಕಳ್ಳತನಕ್ಕೂ ಅಗ್ರಿಮೆಂಟ್! ಆಮೇಲೆ ಏಜೆಂಟರಿಬ್ಬರ ನಡುವೆ ಜಗಳವಾಗಿ ಕೋರ್ಟಿಗೆ ಹೋದಾಗ ಆ ಕಾಗದವೂ ಹೊರಗೆ ಬಂತು. 2000ದಲ್ಲಿ ಲೀಗಿನ ಕಮಿಷನರ್ ಡೇವಿಡ್ ಸ್ಟರ್ನ್ 35 ಲಕ್ಷ ಡಾಲರ್ ದಂಡ ಹಾಕಿದರು, ಡ್ರಾಫ್ಟಿನ, ಅಂದರೆ ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ಸುತ್ತುಗಳ, ಐದು ಮೊದಲ ಸುತ್ತಿನ ಪಿಕ್ (ಆರಿಸುವ ಸರದಿ) ಕಿತ್ತುಕೊಂಡರು. ಕೆಲವನ್ನು ಆಮೇಲೆ ವಾಪಸ್ ಕೊಟ್ಟರು ಅನ್ನಿ. ಜೋ ಸ್ಮಿತ್ ಒಂದು ಸೀಸನ್ ಡೆಟ್ರಾಯಿಟ್‌ನಲ್ಲಿ ಆಡಿ ಮತ್ತೆ ಮಿನೆಸೋಟಕ್ಕೇ ಬಂದರು.

ಈಗ ಕಾಲ ಬದಲಾಗಿದೆ, ಗುಟ್ಟು ಅಂತ ಏನೂ ಇಲ್ಲ. ಜೂನ್ 30ರ ಸಂಜೆ 6 ಗಂಟೆಗೆ ಅಲ್ಲಿ ಸಂತೆ ಶುರು. ಬೆಂಗಳೂರಿನಲ್ಲಿ ಆಗ ಜುಲೈ 1ರ ಬೆಳಗಿನ ಜಾವ 3.30. ಅಲ್ಲಿಯ ತನಕ ಬೇರೆ ತಂಡದ ಆಟಗಾರನ ಜತೆ ಒಂದು ಮಾತೂ ಆಡುವ ಹಾಗಿಲ್ಲ. 6 ಗಂಟೆ 1 ನಿಮಿಷಕ್ಕೆ ಫೋನು ಟಣ್ ಅನ್ನುತ್ತದೆ. ನಾಲ್ಕು ವರ್ಷದ ಕರಾರು, ಇಷ್ಟು ಕೋಟಿ, ಕೊನೇ ವರ್ಷ ಇರೋದು ಬಿಡೋದು ಆಟಗಾರನ ಆಯ್ಕೆ, ಎಲ್ಲ ಮುಗಿದಿದೆ! ಆ ಒಂದು ನಿಮಿಷದಲ್ಲಿ ನಮಸ್ಕಾರ ಹೇಳಿ, ಕಾಫಿ ಕುಡಿದು, ಏಜೆಂಟನ್ನು ಒಪ್ಪಿಸಿ, ವಕೀಲರಿಂದ ಓದಿಸಿ ಮುಗಿಸಿದ್ದಾರೆ. 2021ರಲ್ಲಿ ಷಿಕಾಗೊ ಮತ್ತು ಮಯಾಮಿ ತಂಡಗಳ ಗಡಿಯಾರ ಸ್ವಲ್ಪ ಮುಂದೆ ಓಡಿತು ಅಂತ ಲೀಗು ತನಿಖೆ ಮಾಡಿತು. ಶಿಕ್ಷೆ ಒಂದೊಂದು ಎರಡನೇ ಸುತ್ತಿನ ಪಿಕ್. ಹಾಗೆ ಬೇಗ ಮಾತು ಮುಗಿಸಿ ತಂದ ಲೋಂಜೊ ಬಾಲ್ ಷಿಕಾಗೊದಲ್ಲೇ ಉಳಿದರು, ಕೈಲ್ ಲೌರಿ ಮಯಾಮಿಯಲ್ಲೇ.

2016ರ ಬೇಸಿಗೆ ಮಾತ್ರ ಬೇರೆಯದೇ ಹಬ್ಬ. ಹೊಸ ಟಿವಿ ಒಪ್ಪಂದದಿಂದ ಹಣ ಸುರಿದು ಮಿತಿ ಒಂದೇ ಸಲ 7 ಕೋಟಿಯಿಂದ 9.4 ಕೋಟಿ ಡಾಲರಿಗೆ ಹಾರಿತು. ಸ್ವಲ್ಪ ಸ್ವಲ್ಪವಾಗಿ ಏರಿಸೋಣ ಅಂದಿತ್ತು ಲೀಗು. ಆಟಗಾರರ ಸಂಘ ಬೇಡ ಅಂದಿತು. ಎಲ್ಲ ತಂಡಗಳ ಕೈಯಲ್ಲೂ ಕಾಸು, ಖರ್ಚು ಮಾಡದಿದ್ದರೆ ಮರ್ಯಾದೆ ಹೋಗುತ್ತದೆ ಅನ್ನುವ ಭಯ. ಹಿಂದಿನ ಸೀಸನ್ನಿನಲ್ಲಿ 17 ಗೆದ್ದು 65 ಸೋತಿದ್ದ ಲೇಕರ್ಸ್, ಟಿಮೊಫೆ ಮೊಜ್ಗೊವ್‌ಗೆ ನಾಲ್ಕು ವರ್ಷಕ್ಕೆ 6.4 ಕೋಟಿ ಕೊಟ್ಟಿತು. ಲುವಾಲ್ ಡೆಂಗ್‌ಗೆ ನಾಲ್ಕು ವರ್ಷಕ್ಕೆ 7.2 ಕೋಟಿ. ಮೊಜ್ಗೊವ್ ಒಂದೇ ವರ್ಷಕ್ಕೆ ಹೊರೆಯಾದರು. ಅವರನ್ನು ತಗೊಳ್ಳಿ ಅಂತ ಬ್ರೂಕ್ಲಿನ್ ಕೈಗೆ ಡಿಆಂಜೆಲೊ ರಸೆಲ್ ಎಂಬ ಎಳೆಯ ಪ್ರತಿಭೆಯನ್ನೂ ಇಟ್ಟು ಕಳಿಸಿದರು. ಡೆಂಗ್ 2017-18ರಲ್ಲಿ ಆಡಿದ್ದು ಒಂದೇ ಒಂದು ಪಂದ್ಯ. ಆಮೇಲೆ ಅವರನ್ನು ಬಿಡುಗಡೆ ಮಾಡಿ ಬಾಕಿ ಹಣವನ್ನು ಕಂತು ಮಾಡಿದರು. ಡೆಂಗ್ 2019ರಲ್ಲಿ ನಿವೃತ್ತರಾದರು. 2020ರಲ್ಲಿ ಲೇಕರ್ಸ್ ಚಾಂಪಿಯನ್ ಆದಾಗ ತಂಡದ ಸಂಬಳ ಪಟ್ಟಿಯಲ್ಲಿ ಅವರ 50 ಲಕ್ಷ ಡಾಲರ್ ಇನ್ನೂ ಇತ್ತು. ಇತ್ತ ಅದೇ 2016ರಲ್ಲಿ, 73 ಪಂದ್ಯ ಗೆದ್ದಿದ್ದ ಗೋಲ್ಡನ್ ಸ್ಟೇಟ್ ತಂಡಕ್ಕೂ ಮಿತಿಯೊಳಗೆ ಜಾಗ ಸಿಕ್ಕಿತು. ಅಲ್ಲಿಗೆ ಹೋದವರು ಲೀಗಿನ ದೊಡ್ಡ ತಾರೆ ಕೆವಿನ್ ಡ್ಯುರಾಂಟ್. ದುಡ್ಡಿದ್ದವರು ಬಡ ತಂಡಗಳನ್ನು ನುಂಗಬಾರದು ಅಂತಲೇ ಕ್ಯಾಪ್ ತಂದಿದ್ದು ನೋಡಿ.

ಈ ಕಂತಿನ ವಿದ್ಯೆಗೆ ‘ಸ್ಟ್ರೆಚ್’ ಅನ್ನುತ್ತಾರೆ. ಸೂತ್ರ ಸುಲಭ. ಕರಾರಿನಲ್ಲಿ ಉಳಿದಿರುವ ವರ್ಷಗಳನ್ನು ಎರಡರಿಂದ ಗುಣಿಸಿ, ಒಂದು ಕೂಡಿಸಿ. ಬಂದಷ್ಟು ವರ್ಷ ಹಂಚಿ ಕೊಡಿ. 2025ರ ಜುಲೈನಲ್ಲಿ ಮಿಲ್ವಾಕಿ ಬಕ್ಸ್ ಡೇಮಿಯನ್ ಲಿಲ್ಲಾರ್ಡ್ ಅವರನ್ನು ಹೀಗೆ ಬಿಟ್ಟಿತು. ಪಾಪ, ಅವರ ಹಿಮ್ಮಡಿಯ ಸ್ನಾಯುರಜ್ಜು ಹರಿದಿತ್ತು. ಬಾಕಿ ಇದ್ದದ್ದು ಎರಡು ವರ್ಷ, ಸುಮಾರು 11.3 ಕೋಟಿ ಡಾಲರ್. ಐದು ವರ್ಷಕ್ಕೆ ಹಿಗ್ಗಿಸಿದರೆ ವರ್ಷಕ್ಕೆ ಸುಮಾರು 2.25 ಕೋಟಿ. ಉಳಿದ ಜಾಗದಲ್ಲಿ ಮೈಲ್ಸ್ ಟರ್ನರ್ ಬಂದರು. ಲಿಲ್ಲಾರ್ಡ್ ತಮ್ಮ ಹಳೇ ಊರು ಪೋರ್ಟ್‌ಲ್ಯಾಂಡ್‌ಗೆ ಮರಳಿ ಮೂರು ವರ್ಷಕ್ಕೆ 4.2 ಕೋಟಿಯ ಹೊಸ ಕರಾರು ಮಾಡಿಕೊಂಡರು. ಹೀಗೆ ಕಾಲು ವಾಸಿಯಾಗುವ ತನಕ ಅವರು ಎರಡು ತಂಡಗಳ ಪರವಾಗಿ ಏಕಕಾಲಕ್ಕೆ ಆಡದೇ ಇರುವ ಅಪರೂಪದ ಆಟಗಾರ. ಮಿಲ್ವಾಕಿಯ ಕಂತು 2030ರವರೆಗೆ ಇದೆ.

ಅದೇ ತಿಂಗಳು ಫೀನಿಕ್ಸ್ ಸನ್ಸ್ ಕೂಡ ಬ್ರಾಡ್ಲಿ ಬೀಲ್ ಅವರಿಗೆ ಅದೇ ದಾರಿ ತೋರಿಸಿತು. ಬೀಲ್ ಕರಾರಿನಲ್ಲಿ ‘ನನ್ನನ್ನು ಕೇಳದೆ ಟ್ರೇಡ್ ಮಾಡುವ ಹಾಗಿಲ್ಲ’ ಅನ್ನುವ ಸಾಲಿತ್ತು, ಹಾಗಾಗಿ ಕೈಮುಗಿದು ಬೀಳ್ಕೊಡುವುದೇ ಉಳಿದಿದ್ದು. ಐದು ವರ್ಷ, ವರ್ಷಕ್ಕೆ 1.9 ಕೋಟಿಗೂ ಜಾಸ್ತಿ. ಅವರು ಆಡುವುದಕ್ಕೆ ಹೋಗಿದ್ದು ಕ್ಲಿಪ್ಪರ್ಸ್‌ಗೆ. ಅದರ ಹಿಂದಿನ ಸೀಸನ್ನಿನಲ್ಲಿ ಡ್ಯುರಾಂಟ್, ಬುಕರ್, ಬೀಲ್ ಮೂವರನ್ನೂ ಇಟ್ಟುಕೊಂಡು, ಲೀಗಿನಲ್ಲೇ ಅತಿ ಹೆಚ್ಚು ಟ್ಯಾಕ್ಸ್ ಕಟ್ಟಿ ಸನ್ಸ್ ಗೆದ್ದದ್ದು 36 ಪಂದ್ಯ. ಸೋತದ್ದು 46. ಪ್ಲೇಆಫ್ ಇರಲಿ, ಅದರ ಹೊರಜಗಲಿಗೂ ಕಾಲಿಡಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚುವುದಕ್ಕೂ ಒಂದು ಮಿತಿ ಬೇಕು ಅಂತ ಲೀಗಿಗೆ ಮೊದಲೇ ಅನ್ನಿಸಿರಬೇಕು.

ಅದಕ್ಕೇ 2023ರ ಒಪ್ಪಂದದಲ್ಲಿ ‘ಎರಡನೇ ಏಪ್ರನ್’ ತಂದಿದ್ದಾರೆ. ಕ್ಯಾಪ್ ಒಂದು ಗೆರೆ. ಅದರ ಮೇಲೆ ಟ್ಯಾಕ್ಸಿನ ಗೆರೆ. ಅದರ ಮೇಲೆ ಮೊದಲ ಏಪ್ರನ್. ಅದರ ಮೇಲೆ ಇದು, 2025-26ಕ್ಕೆ 20 ಕೋಟಿ 78 ಲಕ್ಷ. ಈ ನಾಲ್ಕನೇ ಗೆರೆ ದಾಟಿದರೆ ಇಬ್ಬರ ಸಂಬಳ ಕೂಡಿಸಿ ಒಬ್ಬನನ್ನು ತರುವ ಹಾಗಿಲ್ಲ, ಟ್ರೇಡಿನಲ್ಲಿ ನಗದು ಕೊಡುವ ಹಾಗಿಲ್ಲ. 2024ರ ಚಾಂಪಿಯನ್ ಬಾಸ್ಟನ್ ತಂಡ ಇದಕ್ಕೆ ಹೆದರಿ 2025ರಲ್ಲಿ ಜ್ರೂ ಹಾಲಿಡೇ, ಪೊರ್ಜಿಂಗಿಸ್ ಇಬ್ಬರನ್ನೂ ಕಳಿಸಿತು. ಅದೇ ವರ್ಷ ಆ ತಂಡದ ಮಾರಾಟ 610 ಕೋಟಿ ಡಾಲರ್ ಲೆಕ್ಕದಲ್ಲಿ ಕುದುರಿತ್ತು. 610 ಕೋಟಿಗೆ ತಂಡ ಕೊಂಡವರಿಗೆ ಸಂಬಳ ಭಾರವಾಯಿತು.

ಎರಡನೇ ಏಪ್ರನ್ ದಾಟಿದವರಿಗೆ ಇನ್ನೊಂದು ಶಿಕ್ಷೆಯಿದೆ. ಏಳು ವರ್ಷದ ನಂತರದ ಮೊದಲ ಸುತ್ತಿನ ಪಿಕ್ ಹೆಪ್ಪುಗಟ್ಟುತ್ತದೆ, ಅದನ್ನು ಯಾರಿಗೂ ಮಾರುವಂತಿಲ್ಲ. ಇದೇ ದೊಡ್ಡ ನಷ್ಟ ಅಂತ ತಂಡದವರು ಕಣ್ಣೀರು ಹಾಕುತ್ತಾರೆ. 2025ರಲ್ಲೇ ಡೆನ್ವರ್ ತನ್ನ 2032ರ ಪಿಕ್ಕನ್ನು ಬ್ರೂಕ್ಲಿನ್‌ಗೆ ಕೊಟ್ಟು ಮುಗಿಸಿದೆ. 2032ರಲ್ಲಿ 19 ತುಂಬಿ ಆ ಪಿಕ್ಕಿನಲ್ಲಿ ಆಯ್ಕೆಯಾಗುವ ಹುಡುಗನಿಗೆ ಮಾತು ಮುಗಿದಾಗ 12 ವಯಸ್ಸು. ಎಲ್ಲೋ ಆರನೇ ಕ್ಲಾಸಿನಲ್ಲಿ ಭಿನ್ನರಾಶಿ ಕಲಿಯುತ್ತಿರಬೇಕು. ಕಲೀಲಿ ಬಿಡಿ. ಡ್ರಿಬ್ಲಿಂಗ್ ಆಮೇಲೆ ನೋಡಿಕೊಂಡರಾಯಿತು.