ನಮ್ಮ ಹಕ್ಕಿ ನೀಲ್ಯಾಗೂ ಕಣ್ಣ ಐತ್ರೀ, ದನದ ಡಾಕ್ಟರ್ ಒಂದ್ಸಲ ನೋಡಿದ್ರ ಏನ್ ಹೋಗ್ತಿತ್ತು?

ಎಲ್ಲಾರೂ ನಕ್ರು ರೀ. ಅದ ತಲ್ಯಾಗಿಂದ ಹೋಗವಲ್ದು, ಊಟಕ್ಕ ಕುಂತ್ರೂ ಆ ನಗೂನ ಕೇಳಾಕತ್ತೈತಿ.

ನೀಲ್ಯಾನ ಎಡಗಣ್ಣ ಬಾತು ಮುಚ್ಚೇ ಬಿಟ್ಟೈತಿ, ನೀರ ಸೋರಿ ಸುತ್ತಲ ಪುಕ್ಕೆಲ್ಲಾ ಅಂಟಗೊಂಡಾವ, ಕೂಡೋ ಕಟಗಿಗೆ ಮಾರಿ ತಿಕ್ಕೂದು ತಿಕ್ಕೂದ. ಅಂಥಾದ್ರಾಗ ಈ ಬಿಸಲಾಗ ಪಂಜರಕ್ಕ ಬಟ್ಟಿ ಹೊಚ್ಚಿ, ಟಂಟಂದಾಗ ತೊಡಿ ಮ್ಯಾಲ ಇಟ್ಕೊಂಡು ಗಾಂಧಿ ಚೌಕ್ ದಾಟಿ ದನದ ದವಾಖಾನಿಗೆ ಹೋಗೀನಿ. ಮುಂದ ಎಮ್ಮಿ, ಆಡು, ಒಂದ ನಾಯಿ. ನನ್ನ ಪಾಳಿ ಬಂತು. ಡಾಕ್ಟರ್ ಕುರ್ಚಿ ಬಿಟ್ಟ ಏಳಲಿಲ್ಲ, ಬಟ್ಟಿ ಸರಿಸಿ ಸೈತ ನೋಡ್ಲಿಲ್ಲ. "ಏನದು?" "ಲವ್ ಬರ್ಡ್ಸ್ ಸರ್, ಕಣ್ಣ..." ಮುಗಿಸಾಕ ಬಿಡ್ಲಿಲ್ಲ. "ಎಷ್ಟ ಕೊಟ್ಟಿ ತಂಗಿ ಇದಕ್ಕ?" ಅಂದ್ರು. ಇನ್ನೂರ ಅಂದೆ. "ಇಲ್ಲಿಗೆ ಬಂದ ರೊಕ್ಕಕ್ಕ ಇನ್ನೊಂದ ಬರ್ತಿತ್ತಲ್ಲ, ಹೊಸಾದ ತಗೋ!" ಅಂತ ಕಂಪೌಂಡರ್ ಕಡೆ ತಿರುಗಿ ನಕ್ರು. ಅಂವ ನಕ್ಕ. ಆಡ ಹಿಡಕೊಂಡ ನಿಂತ ಮುದುಕನೂ ನಕ್ಕ. ಹಿಂದಿನಾಂವ ಒಬ್ಬ "ಗಿಳಿ ಸಾಕಿದ್ರ ಫಾರೆಸ್ಟ್‌ನವ್ರು ಹಿಡಕೊಂಡ ಹೋಗ್ತಾರ" ಅಂತ ಬ್ಯಾರೆ. ಅಣ್ಣಾ, ಆ 1972ರ ವನ್ಯಜೀವಿ ಕಾಯ್ದೆ ನಮ್ಮ ಕಾಡಿನ ಗಿಳಿಗೆ, ಇದು ಮಂದಿ ಲವ್ ಬರ್ಡ್ಸ್ ಅನ್ನೂ ಬಡ್ಜಿ, ಆಸ್ಟ್ರೇಲಿಯಾ ಮೂಲದ್ದು ಅಂತ ಬಾಯಿ ತುದಿಗೆ ಬಂದಿತ್ತು, ಅಳು ಅಡ್ಡ ಬಂತು. ಅಷ್ಟ ಮಂದಿ ಮುಂದ.

ಮ್ಯಾಲ ನೋಡದನ ಒಂದ ಚೀಟಿ ಬರದ ಕೊಟ್ರು. ಮೆಡಿಕಲ್‌ದಾಗ ಡ್ರಾಪ್ಸ್ ಡಬ್ಬಿ ಓದಿದ್ರ ಡೆಕ್ಸಾಮೆಥಾಸೋನ್. ಸ್ಟೀರಾಯ್ಡ್ ರೀ! ಮೂವತ್ತ-ನಲವತ್ತ ಗ್ರಾಂ ಜೀವ, ಕಣ್ಣಿಗೆ ಹಾಕಿದ್ದು ಮೈಗೆಲ್ಲಾ ಇಳದು ರೋಗ ತಡಿಯೋ ಶಕ್ತೀನ ಕುಂದಸ್ತೈತಿ, ಒಳಗ ಸೋಂಕು ಇದ್ರ ಏನಾಗಬೇಕು? ಬರೇ ನವಣಿ ತಿಂದ್ರ ವಿಟಮಿನ್ ಎ ಕಮ್ಮಿ ಆಗಿ ಕಣ್ಣ ಬಾಯ್ತಾವ, ಅದಕ್ಕಂತನ ನಾ ನುಗ್ಗಿ ಸೊಪ್ಪು, ಗಜ್ಜರಿ ಹಾಕ್ತೀನಿ. ಸೈನಸ್ ಸೋಂಕು ಇರಬಹುದು, ಕ್ಲಮೀಡಿಯಾ ಅನ್ನೂ ಬ್ಯಾಕ್ಟೀರಿಯಾ ಸೋಂಕು ಇರಬಹುದು. ಕ್ಲಮೀಡಿಯಾ ಆದ್ರ ಡಾಕ್ಸಿಸೈಕ್ಲಿನ್ ಅನ್ನೂ ಆಂಟಿಬಯಾಟಿಕ್, ಸಾಮಾನ್ಯವಾಗಿ 45 ದಿನದ ಕೋರ್ಸು, ಮತ್ತ ಅದು ಮನುಷ್ಯಾರಿಗೂ ಹತ್ತೂ ಜಡ್ಡು, ನಮ್ಮವ್ವಗ ಮೊದಲ ದಮ್ಮ ಐತಿ. ಟೆಸ್ಟ್ ಮಾಡಸ್ಬೇಕೇನ್ರಿ ಅಂತ ಕೇಳಬೇಕಂದ್ರ ಅಷ್ಟ್ರಾಗ ಮುಂದಿನ ಎಮ್ಮಿ ಕರದಾಗಿತ್ತು.

ಹೋಗ್ಲಿ ಬಿಡ್ರಿ. ನಾನೂ ರೈತರ ಮನ್ಯಾಗ ಹುಟ್ಟಾಕಿ, ಎಮ್ಮಿ ಸತ್ರ ಆ ಮನಿ ಏನಾಕ್ಕೈತಿ ನನಗ ಗೊತ್ತೈತಿ, ಅವ್ರಿಗೂ ಕೆಲಸ ಭಾಳ ಇರ್ತೈತಿ.

ಇಲ್ಲ, ಯಾಕ ಬಿಡಬೇಕು? ಎರಡ ನಿಮಿಷ ಟಾರ್ಚ್ ಹಿಡದ ನೋಡಾಕ ಏನ್ ಖರ್ಚ ಆಕ್ಕೈತಿ? "ಹಕ್ಕಿ ಬಗ್ಗೆ ನನಗ ತಿಳಿಯಂಗಿಲ್ಲ" ಅಂತ ಸೀದಾ ಅಂದಿದ್ರೂ ಕೈ ಮುಗದ ಬರ್ತಿದ್ದೆ. ನಗೂದ್ಯಾಕ? ರೊಕ್ಕದ ಮ್ಯಾಲ ನೋವು ಅಳೀತಾರೇನ್ರಿ?

ಕೇಳಿದವ್ರೆಲ್ಲಾ ಬೆಂಗಳೂರ ಹೆಬ್ಬಾಳದ ವೆಟರ್ನರಿ ಕಾಲೇಜಿಗೆ ಒಯ್ಯಿ ಅಂತಾರ. 500 ಕಿಲೋಮೀಟರ್ ಮ್ಯಾಲ ಐತಿ, ಕಾಳ ಮುಟ್ಟದ ಹಕ್ಕೀನ ರಾತ್ರಿಯೆಲ್ಲಾ ಬಸ್ಸಿನಾಗ ಹೆಂಗ ಒಯ್ಲಿ? ಹಕ್ಕಿ ಜಡ್ಡ ಮುಚ್ಚಿಡ್ತಾವ, ಪುಕ್ಕ ಉಬ್ಬಿಸಿ ಕುಂತ್ವು ಅಂದ್ರ ಆಗಲೇ ಭಾಳ ಆಗಿರ್ತೈತಿ, ನೀಲ್ಯಾ ಮುಂಜಾನಿಂದ ಹಂಗ ಕುಂತಾನ. ಸಲೈನ್ ನೀರಿಲೆ ಅಳ್ಳಿ ತೊಯ್ಸಿ ಒರಸಾಕತ್ತೀನಿ, ಮನ್ಯಾಗ ಊದಿನಕಡ್ಡಿ ಹಚ್ಚೂದ ಬಿಡಿಸೀನಿ. ಇದರಿಂದ ಏನಾದೀತು, ಏನೂ ಆಗಂಗಿಲ್ಲ.

ಯಾರರೆ ಹೇಳ್ರಿ. ಬಾಗಲಕೋಟಿ, ಬೆಳಗಾವಿ, ಹುಬ್ಬಳ್ಳಿ, ಸೋಲಾಪುರ ಎಲ್ಲೆ ಇರ್ಲಿ, ಸಣ್ಣ ಹಕ್ಕಿನ ಕೈಯಾಗ ಹಿಡದ ನೋಡೋ ಡಾಕ್ಟರ್ ಗೊತ್ತಿದ್ರ ರಾತ್ರಿ ಎಷ್ಟೊತ್ತಾದ್ರೂ ತಿಳಸ್ರಿ, ಮುಂಜಾನಿ ಮೊದಲ್ನೆ ಬಸ್ಸಿಗೆ ಹೊಂಡ್ತೀನಿ.