ಪೇಢೆ ಹಂಚೂದಕ್ಕಿಂತ ಮೊದಲು ಆ ಪತ್ರ ಪೂರ್ತಿ ಓದ್ರಿ

ಇವತ್ತು ವಿಜಯಪುರದಲ್ಲಿ ಪರಿಚಯದವರ ಮನೆಯಲ್ಲಿ ಕಂಡದ್ದು. ಎಂ.ಎಸ್ಸಿ. ಮುಗಿಸಿ ಅತಿಥಿ ಉಪನ್ಯಾಸಕಿಯಾಗಿರುವ ಹುಡುಗಿಗೆ ಬೆಳಗಾವಿಯ ಸಂಶೋಧನಾ ಯೋಜನೆಯೊಂದರಲ್ಲಿ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ, ಅಂದರೆ ತಿಂಗಳಾ ಫೆಲೋಶಿಪ್ ಹಣ ಪಡೆಯುವ ಕಿರಿಯ ಸಂಶೋಧಕಿ) ಜಾಗ ಸಿಕ್ಕಿದೆ. ಬರುತ್ತದೆಂದು ಆಕೆಗೇ ನಂಬಿಕೆ ಇರಲಿಲ್ಲ. "ಸ್ವಲ್ಪ ವಿಚಾರ ಮಾಡ್ತೀನಿ" ಅಂದದ್ದೇ ತಡ, ಸೋದರಮಾವ ರೇಗಿದರು: "ತಿಂಗಳಾ ಮೂವತ್ತೇಳ ಸಾವಿರ ಕೊಡ್ತಾರ, ಮ್ಯಾಲ ಪಿಎಚ್.ಡಿ. ಆಗತೈತಿ. ಇದರಾಗ ವಿಚಾರ ಮಾಡೂದೇನೈತವ್ವಾ?" ಪೇಢೆಯೂ ಹಂಚಿಯಾಗಿತ್ತು. ಬಂದ ಆಯ್ಕೆ ಪತ್ರ ಪೂರ್ತಿ ಓದಿದವರು ಮಾತ್ರ ಒಬ್ಬರೂ ಇಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಯುಜಿಸಿ-ನೆಟ್ (ವಿಶ್ವವಿದ್ಯಾಲಯ ಅನುದಾನ ಆಯೋಗದ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಪಾಸಾಗಿ ಬರುವ ಜೆಆರ್‌ಎಫ್ ನಿಮ್ಮ ಹೆಸರಿನದು. ಎರಡು ವರ್ಷ 37,000, ಆಮೇಲೆ ಮೌಲ್ಯಮಾಪನ ದಾಟಿದರೆ 42,000, ಒಟ್ಟು 5 ವರ್ಷ. ಗೈಡ್ ಬದಲಾದರೂ ಅದು ನಿಮ್ಮ ಜೊತೆಗೇ ಬರುತ್ತದೆ. ಯೋಜನೆಯ ಜೆಆರ್‌ಎಫ್ ಹಾಗಲ್ಲ. ಅದು ಯೋಜನೆಯ ಹಣ. ಯೋಜನೆ ಮುಗಿದ ದಿನ ನಿಮ್ಮ ಜಾಗವೂ ಮುಗಿಯಿತು. ಸಾಮಾನ್ಯವಾಗಿ ಮೂರು ವರ್ಷದ ಯೋಜನೆ. ಗಡುವು ಎಣಿಸುವುದು ನೀವು ಸೇರಿದ ದಿನದಿಂದಲ್ಲ, ಯೋಜನೆ ಶುರುವಾದ ದಿನದಿಂದ. ಉಪಕರಣ ಖರೀದಿ, ಜಾಹೀರಾತು, ಸಂದರ್ಶನ ಅಂತ ಹತ್ತು ತಿಂಗಳು ಹೋಗಿದ್ದರೆ ನಿಮಗೆ ಉಳಿದದ್ದು 26 ತಿಂಗಳು. ಪಿಎಚ್.ಡಿ.ಗೆ ನಿಯಮದ ಪ್ರಕಾರ ಕನಿಷ್ಠ 3 ವರ್ಷ, ಗರಿಷ್ಠ 6. ಉಳಿದ ವರ್ಷಗಳ ಊಟ, ಬಾಡಿಗೆ, ಫೀ ಯಾರು ಕೊಡಬೇಕು?

ಇನ್ನೂ ದೊಡ್ಡ ಮಾತು: ಯೋಜನೆಗೆ ಸೇರಿದರೆ ಪಿಎಚ್.ಡಿ.ಗೆ ಸೇರಿದಂತೆ ಅಲ್ಲ. ನೋಂದಣಿ ಬೇರೆಯದೇ ದಾರಿ. ವಿಶ್ವವಿದ್ಯಾಲಯ ಅಧಿಸೂಚನೆ ಹೊರಡಿಸಬೇಕು, ನೀವು ಪ್ರವೇಶದ ಅರ್ಹತೆ ದಾಟಬೇಕು, ಗೈಡ್ ಹತ್ತಿರ ಸೀಟು ಖಾಲಿ ಇರಬೇಕು. ಪ್ರೊಫೆಸರ್‌ಗೆ 8, ಅಸೋಸಿಯೇಟ್‌ಗೆ 6, ಅಸಿಸ್ಟೆಂಟ್‌ಗೆ 4, ಅಷ್ಟೇ. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಇದನ್ನು ಕೇಳದೆ ಸೇರಿದವರು ಸ್ಯಾಂಪಲ್ ತಂದು, ಬಿಲ್ ಬರೆದು, ವರದಿ ಟೈಪ್ ಮಾಡುತ್ತ ವರ್ಷಗಟ್ಟಲೆ ನೋಂದಣಿಯೇ ಇಲ್ಲದೆ ಕೂರುತ್ತಾರೆ. ಪತ್ರದಲ್ಲಿ "ತಾತ್ಕಾಲಿಕ, ಯೋಜನೆಯ ಅವಧಿಗೆ ಮಾತ್ರ" ಎಂಬ ಸಾಲು ಇದ್ದೇ ಇರುತ್ತದೆ. ಓದ್ರಿ!

ದುಡ್ಡಿನ ವಿಷಯ. ಮನೆ ಬಾಡಿಗೆ ಭತ್ಯೆ ಬೆಳಗಾವಿಗೆ ಶೇ. 20, ಅಂದರೆ 7,400. ವಿಜಯಪುರ, ಬಾಗಲಕೋಟೆಯಂಥ ಊರಿಗೆ ಶೇ. 10, 3,700. ಹಾಸ್ಟೆಲ್ ಕೊಟ್ಟರೆ ಅದೂ ಇಲ್ಲ. ಪಿಎಫ್ ಇಲ್ಲ. ಯೋಜನೆಯ ಹಣ ಕಂತಿನಲ್ಲಿ ಬರುತ್ತದೆ: ಮೊದಲ ಕಂತು ಮುಗಿದ ಮೇಲೆ ಖರ್ಚಿನ ಲೆಕ್ಕ, ಬಳಕೆ ಪ್ರಮಾಣಪತ್ರ ಹೋಗಬೇಕು, ಅದಾದ ಮೇಲೇ ಮುಂದಿನ ಕಂತು. ಹಣಕಾಸು ವಿಭಾಗದಲ್ಲಿ ಒಂದು ಸಹಿ ನಿಂತರೆ ಏಪ್ರಿಲ್‌ನಿಂದ ನಿಮ್ಮ ಖಾತೆಗೆ ರೊಕ್ಕ ಬರುವುದು ನಿಲ್ಲುತ್ತದೆ. ನಾಲ್ಕು ತಿಂಗಳ ಖರ್ಚು ಕೈಯಲ್ಲಿಟ್ಟುಕೊಳ್ಳದೆ ಊರು ಬಿಡಬೇಡಿ. ಮನೆಗೆ ತಿಂಗಳಾ ಇಷ್ಟು ಕಳಿಸ್ತೀನಿ ಅಂತ ಮಾತು ಕೊಡುವುದಂತೂ ಬೇಡವೇ ಬೇಡ.

"ಇಷ್ಟೆಲ್ಲ ಕೇಳಿದರ ಸರ್ ಬೇಜಾರಾಗ್ತಾರ, ಸೀಟ್ ಬ್ಯಾರೇದವರಿಗೆ ಹೋಗತೈತಿ" ಅಂತಾರೆ. ಹೋಗಬಹುದು, ಹೋಗಲಿ. ಯೋಜನೆ ಮುಗಿಯುವ ತಾರೀಖು ಕೇಳಿದ್ದಕ್ಕೇ ಮುನಿಸಿಕೊಳ್ಳುವವರ ಹತ್ತಿರ ಐದು ವರ್ಷ ಸಹಿಗೆ ನಿಲ್ಲಬೇಕಾದವರು ನೀವು, ನಿಮ್ಮ ಮಾವ ಅಲ್ಲ. ಒಳ್ಳೆಯ ಗೈಡ್ ಒಂದೇ ಮೇಲ್‌ನಲ್ಲಿ ಉತ್ತರ ಕೊಡುತ್ತಾರೆ: ಮಂಜೂರಾತಿ ಯಾವ ದಿನದ್ದು, ಎಷ್ಟು ತಿಂಗಳು ಬಾಕಿ, ನೋಂದಣಿ ಯಾವಾಗ, ಫೀ ಯಾರದು. ವಿಚಾರಿಸಲು ಒಂದು ವಾರ ಹೆಚ್ಚು ಕೇಳಿದರೂ ತಪ್ಪಿಲ್ಲ, ಬರೆದು ಕೇಳಿ. ಆಮೇಲೆ ಆ ಲ್ಯಾಬ್‌ನಲ್ಲಿ ಈಗ ಇರುವ ಹುಡುಗರಿಗೆ ಫೋನ್ ಮಾಡಿ. ಕೊನೆಯ ಸಲ ರೊಕ್ಕ ಯಾವಾಗ ಬಂತು? ನಿಮ್ಮ ಮುಂಚಿನವರು ಎಷ್ಟು ವರ್ಷಕ್ಕೆ ಥೀಸಿಸ್ ಕೊಟ್ಟರು? ನಡುವೆ ಬಿಟ್ಟು ಹೋದವರು ಯಾರು, ಯಾಕೆ? ವೆಬ್‌ಸೈಟ್‌ನಲ್ಲಿ ಈ ಮೂರಕ್ಕೂ ಉತ್ತರ ಸಿಗುವುದಿಲ್ಲ.

ನಾನು ಹೋಗಬೇಡ ಅನ್ನುವವನಲ್ಲ. ನಮ್ಮ ಭಾಗದ ಹುಡುಗಿಯರಿಗೆ ರೊಕ್ಕ ಕೊಟ್ಟು ಓದಿಸುವ ಜಾಗ ಸಿಗುವುದು ಸಣ್ಣ ಮಾತಲ್ಲ. "ಮೊದಲ ಮದುವಿ ಆಗಲಿ" ಅನ್ನುವವರ ಮಾತಂತೂ ಕೇಳಲೇಬೇಡಿ, ಪಿಎಚ್.ಡಿ. ಅವಧಿಯಲ್ಲಿ 240 ದಿನದವರೆಗೆ ಹೆರಿಗೆ, ಶಿಶುಪಾಲನಾ ರಜೆಗೆ ನಿಯಮದಲ್ಲೇ ಅವಕಾಶ ಇದೆ. ನಿಮ್ಮದೇ ಹೆಸರಿನ ಫೆಲೋಶಿಪ್ ಆದರೆ ಊರು ದೂರವಾದರೂ ಹೊರಡಿ. ಯೋಜನೆಯದಾದರೆ ಎರಡು ವರ್ಷಕ್ಕೆ ಕಡಿಮೆಯಿಲ್ಲದೆ ಉಳಿದಿರಬೇಕು, ಮೊದಲ ವರ್ಷದಲ್ಲೇ ನೋಂದಣಿ ಎಂದು ಬರಹದಲ್ಲಿ ಬರಬೇಕು. ಈ ಎರಡರಲ್ಲಿ ಒಂದು ಇಲ್ಲದಿದ್ದರೂ, ನನ್ನ ಪ್ರಕಾರ, ಬೇಡ. ಕೈಯಲ್ಲಿರುವ ಕೆಲಸ ಮಾಡುತ್ತಲೇ ನೆಟ್ ಬರೆಯಿರಿ.

ಸೇರುವವರು ಮೂಲ ಅಂಕಪಟ್ಟಿಗಳನ್ನು ತೋರಿಸಿ ವಾಪಸ್ ತನ್ನಿ, ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿಯೇ ಹೇಳಿದೆ. ಬೇಡ ಅನ್ನುವವರು ಅದೇ ದಿನ ಮೇಲ್ ಹಾಕಿ. ಕಾಯುವ ಪಟ್ಟಿಯಲ್ಲಿ ಇನ್ನೊಬ್ಬರು ಇರುತ್ತಾರೆ, ಅವರಿಗೂ ಪತ್ರ ಓದಲು ಸಮಯ ಬೇಕು.